ಚೆನ್ನಾಗಿ ಓಡಾಡುವ ಅಪ್ಪನಿಗೆ ಎದೆಯೊಳಗೆ ಶಾಕ್ ಪೆಟ್ಟಿಗೆ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಮೊನ್ನೆ ಎಕೋ ಮಾಡಿದಾಗ ಇಎಫ್ 28 ಅಂತ ಬಂತು. ಡಾಕ್ಟರು ಐಸಿಡಿ ಅನ್ನುವ, ಎದೆಯೊಳಗೆ ಇಡುವ ಶಾಕ್ ಪೆಟ್ಟಿಗೆ ಹಾಕಿಸಿ ಅಂದರು. ಆದರೆ ಅಪ್ಪ ಒಂದು ದಿನವೂ ತಲೆಸುತ್ತಿ ಬಿದ್ದಿಲ್ಲ. ದಿನಾ ತೋಟಕ್ಕೆ ಹೋಗಿ ಬರುತ್ತಾರೆ. ಯಾಕೆ ಬೇಕು ಅಂತ ಕೇಳಿದ್ದಕ್ಕೆ "ಮ್ಯಾಡಿಟ್ ಅಂತ ಒಂದು ಸ್ಟಡಿ ಇದೆ, 30ಕ್ಕಿಂತ ಕಮ್ಮಿ ಇದ್ದರೆ ಹಾಕಬೇಕು" ಅಂದರು. ಏನೂ ಆಗದವರಿಗೆ ಲಕ್ಷಗಟ್ಟಲೆ ಖರ್ಚು ಮಾಡಿ ಶಾಕ್ ಕೊಡುವ ಮೆಷೀನ್ ಯಾಕೆ? ಈ 30ರ ಲೆಕ್ಕ ಯಾರು ಮಾಡಿದ್ದು? ಮಾತ್ರೆಯಲ್ಲೇ ಆಗುವುದಿಲ್ಲವೇ?
ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಡಾಕ್ಟರು ಹೇಳಿದ್ದು ಸರಿಯಾದ ಸಲಹೆ. ಅಪ್ಪ ಇದುವರೆಗೆ ಬಿದ್ದಿಲ್ಲ ಅನ್ನುವುದು ಸಂತೋಷದ ವಿಷಯ, ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಹಾಗಂತ ನಾಳೆ ಬೆಳಗ್ಗೆಯೇ ಹಾಕಿಸಬೇಕಾದ ತುರ್ತೂ ಇಲ್ಲ. ಕೇಳಿ, ಯೋಚಿಸಿ ತೀರ್ಮಾನ ಮಾಡಲು ಸಮಯವಿದೆ. "30ರ ಲೆಕ್ಕ ಯಾರು ಮಾಡಿದ್ದು" ಅನ್ನುವ ಪ್ರಶ್ನೆ ನನಗೆ ಬಹಳ ಹಿಡಿಸಿತು. ಓಪಿಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಉತ್ತರ ಸ್ವಲ್ಪ ಉದ್ದ.

ಇಎಫ್ ಬಗ್ಗೆ ಒಂದು ಮಾತು. "ಸಾರ್, ಹಾರ್ಟು 28 ಪರ್ಸೆಂಟ್ ಮಾತ್ರ ಕೆಲಸ ಮಾಡ್ತಿದೆಯಂತೆ" ಅಂತ ಗಾಬರಿಯಾಗಿ ಬರುವವರು ಜಾಸ್ತಿ. ಅದರ ಅರ್ಥ ಹಾಗಲ್ಲ. ಹೃದಯದ ಎಡಗಡೆಯ ಕೆಳಕೋಣೆ ತುಂಬಿಕೊಂಡ ರಕ್ತದಲ್ಲಿ ಎಷ್ಟು ಭಾಗವನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ ಅದು. ಗಟ್ಟಿಮುಟ್ಟಾದವರಲ್ಲೂ 55ರಿಂದ 70ರಷ್ಟೇ ಇರುತ್ತದೆ. ನೂರು ಯಾರಿಗೂ ಇಲ್ಲ. 28 ಕಮ್ಮಿಯೇ, ಆದರೂ ಆ ಹೃದಯ ಇಟ್ಟುಕೊಂಡೇ ಅಪ್ಪ ತೋಟಕ್ಕೆ ಹೋಗಿ ಬರುತ್ತಿದ್ದಾರೆ ಅಲ್ವಾ?

ತೊಂದರೆ ಇರುವುದು ಬೇರೆ ಕಡೆ. ಎರಡು ವರ್ಷದ ಹಿಂದೆ ರಕ್ತ ಸಿಗದೆ ಸತ್ತ ಮಾಂಸಖಂಡದ ಜಾಗದಲ್ಲಿ ಈಗ ಗಾಯದ ಕಲೆ ಉಳಿದಿದೆ. ಆ ಕಲೆಯೊಳಗೆ ವಿದ್ಯುತ್ ಹರಿಯುವುದಿಲ್ಲ, ಅಂಚಿನಲ್ಲಿ ತೆವಳುತ್ತಾ ಹರಿಯುತ್ತದೆ. ಹೊಳೆಯ ಮಧ್ಯೆ ಬಂಡೆಯಿದ್ದರೆ ನೀರು ಅದರ ಪಕ್ಕ ಸುಳಿ ತಿರುಗುವುದನ್ನು ನೋಡಿದ್ದೀರಿ. ಹಾಗೆಯೇ ಒಂದು ದಿನ ವಿದ್ಯುತ್ತಿನ ಅಲೆ ಕಲೆಯ ಸುತ್ತ ಸುತ್ತತೊಡಗುತ್ತದೆ. ಬಡಿತ ನಿಮಿಷಕ್ಕೆ 200 ದಾಟುತ್ತದೆ. ಅದೂ ಕೆಟ್ಟರೆ ತಾಳವೇ ತಪ್ಪಿಹೋಗುತ್ತದೆ.

ತಾಳ ತಪ್ಪುವುದು ಅಂದರೆ ಏನು? ಊರ ತೇರನ್ನು ನೆನಪಿಸಿಕೊಳ್ಳಿ. ಒಬ್ಬ ಕೂಗು ಹಾಕುತ್ತಾನೆ, ಎಲ್ಲರೂ ಒಟ್ಟಿಗೆ ಹಗ್ಗ ಎಳೆಯುತ್ತಾರೆ, ತೇರು ಮುಂದೆ ಹೋಗುತ್ತದೆ. ಅಷ್ಟೇ ಜನ, ಅಷ್ಟೇ ಬಲ, ಆದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಒಂದೊಂದು ಕಡೆ ಎಳೆದರೆ? ತೇರು ಇದ್ದಲ್ಲೇ ನಡುಗುತ್ತದೆ. ಹೃದಯಕ್ಕೂ ಆಗ ಇದೇ ಸ್ಥಿತಿ. ಇದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಅನ್ನುತ್ತೇವೆ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ನಿಮಿಷಗಳಲ್ಲಿ ಜೀವ ಹೋಗುತ್ತದೆ. ಮುನ್ಸೂಚನೆ ಇರಲೇಬೇಕು ಅಂತಿಲ್ಲ. "ನಿನ್ನೆ ಸಂಜೆ ಚೆನ್ನಾಗಿಯೇ ಮಾತಾಡಿದ್ರು" ಅಂತ ಜನ ಹೇಳುವ ಎಷ್ಟೋ ಸಾವುಗಳ ಹಿಂದೆ ಇದೇ ಇರುತ್ತದೆ.

ಶಾಕ್ ಏನು ಮಾಡುತ್ತದೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ನಿಂತ ಹೃದಯವನ್ನು ಶಾಕ್ ಓಡಿಸುತ್ತದೆ ಅಂತ ಸಿನಿಮಾ ನೋಡಿ ಅಂದುಕೊಂಡಿದ್ದೇವೆ. ನಿಜದಲ್ಲಿ ಅದು ಎಲ್ಲರ ಕೈಯಿಂದ ಒಂದೇ ಸಲ ಹಗ್ಗ ಬಿಡಿಸುತ್ತದೆ. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಕೂಗು ಹಾಕುವವನ ದನಿ ಮತ್ತೆ ಕೇಳುತ್ತದೆ, ತೇರು ಹೊರಡುತ್ತದೆ. ಪೇಸ್‌ಮೇಕರ್‌ ಕೆಲಸ ಬೇರೆ. ನಿಧಾನವಾದ ಹೃದಯಕ್ಕೆ ಅದು ಕೂಗು ಹಾಕುತ್ತದೆ, ಅಷ್ಟೇ. ಐಸಿಡಿ ಕೂಗೂ ಹಾಕಬಲ್ಲದು, ಹಗ್ಗವನ್ನೂ ಬಿಡಿಸಬಲ್ಲದು.

ಈ ಯಂತ್ರವನ್ನು ಎದೆಯೊಳಗೇ ಇಡಬೇಕು ಅಂತ ಹಟ ಹಿಡಿದವರು ಮಿಶೆಲ್ ಮಿರೋವ್ಸ್ಕಿ. 1924ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದ ಯಹೂದಿ. ಹದಿನೈದನೇ ವಯಸ್ಸಿನಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಊರು ಬಿಟ್ಟರು. ಮನೆಯವರಲ್ಲಿ ಉಳಿದದ್ದು ಅವರೊಬ್ಬರೇ. ಫ್ರಾನ್ಸಿನ ಲಿಯಾನ್‌ನಲ್ಲಿ ವೈದ್ಯಕೀಯ ಓದಿ ಇಸ್ರೇಲಿನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಅವರ ಗುರು ಹ್ಯಾರಿ ಹೆಲ್ಲರ್ ಅವರಿಗೆ 1966ರಲ್ಲಿ ಇದೇ ರೀತಿ ಬಡಿತ ಹುಚ್ಚೆದ್ದು ಓಡುವ ಕಾಯಿಲೆ ಬಂತು. ಆಗ ಶಾಕ್ ಯಂತ್ರ ಇದ್ದದ್ದು ಆಸ್ಪತ್ರೆಯಲ್ಲಿ ಮಾತ್ರ. ಗುರುವನ್ನು ಜೀವನಪೂರ್ತಿ ವಾರ್ಡಿನಲ್ಲಿ ಮಲಗಿಸುವುದು ಹೇಗೆ? ಹೆಲ್ಲರ್ ಮನೆಯಲ್ಲಿ ಊಟಕ್ಕೆ ಕೂತಿದ್ದಾಗಲೇ ತೀರಿಕೊಂಡರು. ಯಂತ್ರವೇ ರೋಗಿಯ ಜೊತೆ ಮನೆಗೆ ಹೋಗುವಂತಿದ್ದರೆ ಅಂತ ಮಿರೋವ್ಸ್ಕಿಗೆ ಅನ್ನಿಸಿದ್ದು ಆಗ.

1968ರಲ್ಲಿ ಅವರು ಅಮೆರಿಕದ ಬಾಲ್ಟಿಮೋರ್‌ನ ಸೈನಾಯ್ ಆಸ್ಪತ್ರೆಗೆ ಬಂದರು. ಅಲ್ಲಿ ಮಾರ್ಟನ್ ಮೋವರ್ ಅನ್ನುವ ಹೃದ್ರೋಗ ತಜ್ಞರು ಜೊತೆಯಾದರು. ಹೊರಗಿನವರು ಇವರನ್ನು ನಂಬಲಿಲ್ಲ. 1972ರಲ್ಲಿ ಬರ್ನಾರ್ಡ್ ಲೌನ್ ಅವರು ಜೊತೆಗಾರರೊಬ್ಬರ ಜೊತೆ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಖಾರವಾಗಿ ಬರೆದರು. ಇದು ಅರೆಬರೆ ಪರಿಹಾರ, ಯಾರಿಗೆ ಬೇಕು ಅಂತಲೂ ಗೊತ್ತಿಲ್ಲ ಅನ್ನುವುದು ಅವರ ಮಾತಿನ ಸಾರ. ಲೌನ್ ಸಾಮಾನ್ಯರಲ್ಲ. ಇವತ್ತು ಎಲ್ಲ ಆಸ್ಪತ್ರೆಗಳಲ್ಲಿ ಇರುವಂಥ ಡಿಸಿ ಶಾಕ್ ಯಂತ್ರ ಬಳಕೆಗೆ ಬಂದದ್ದೇ ಅವರಿಂದ. ಮಿರೋವ್ಸ್ಕಿ ತಂಡ ನಾಯಿಯ ಮೇಲೆ ಪ್ರಯೋಗ ಮಾಡಿ ಫಿಲ್ಮ್ ತೆಗೆಯಿತು. ನಾಯಿ ಕುಸಿದು ಬೀಳುತ್ತದೆ, ಒಳಗಿನ ಯಂತ್ರ ಶಾಕ್ ಕೊಡುತ್ತದೆ, ನಾಯಿ ಎದ್ದು ಬಾಲ ಅಲ್ಲಾಡಿಸುತ್ತದೆ. ಬೀಳುವುದನ್ನೂ ಏಳುವುದನ್ನೂ ನಾಯಿಗೆ ಕಲಿಸಬಹುದಲ್ಲ ಅಂತ ಕೊಂಕು ನುಡಿದವರೂ ಇದ್ದರು. ಕೊನೆಗೆ ಇಸಿಜಿಯನ್ನೂ ಜೊತೆಗೇ ತೋರಿಸಬೇಕಾಯಿತು.

1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಲೀವೈ ವಾಟ್ಕಿನ್ಸ್ ಎಂಬ ಶಸ್ತ್ರವೈದ್ಯರು ಮೊದಲ ಸಲ ಒಬ್ಬ ಮಹಿಳೆಗೆ ಈ ಯಂತ್ರ ಅಳವಡಿಸಿದರು. ಎದೆ ತೆರೆದು, ಹೃದಯದ ಮೇಲೆ ವೈರು ಇಟ್ಟು, ಹೊಟ್ಟೆಯ ಚರ್ಮದ ಕೆಳಗೆ ಕಾಲು ಕೆಜಿಯಷ್ಟು ತೂಕದ ಡಬ್ಬಿ ಹೂಳಿದ್ದರು. 1985ರಲ್ಲಿ ಅಮೆರಿಕ ಸರ್ಕಾರದ ಅನುಮತಿ ಸಿಕ್ಕಿತು. ಮಿರೋವ್ಸ್ಕಿ 1990ರಲ್ಲಿ ತೀರಿಕೊಂಡರು.

ಇಲ್ಲಿಗೆ ಯಂತ್ರವೇನೋ ಸಿಕ್ಕಿತು. ನಿಮ್ಮ ಪ್ರಶ್ನೆ ಹಾಗೇ ಉಳಿಯಿತು. ಯಾಕೆಂದರೆ ಆ ಮೊದಲ ಕಾಲದಲ್ಲಿ ಒಂದು ವಿಚಿತ್ರ ನಿಯಮವಿತ್ತು. ರೋಗಿಯ ಹೃದಯ ಕನಿಷ್ಠ ಎರಡು ಸಲ ಹೀಗೆ ನಿಂತು, ಎರಡು ಸಲವೂ ಅವರು ಬದುಕಿ ಬಂದಿರಬೇಕು. ಆಮೇಲಷ್ಟೇ ಐಸಿಡಿ. ಆದರೆ ಹೆಚ್ಚಿನವರು ಮೊದಲ ಸಲವೇ ಉಳಿಯುವುದಿಲ್ಲ! ಬಾವಿಗೆ ಬಿದ್ದು ಎರಡು ಸಲ ಮೇಲೆ ಬಂದವರಿಗೆ ಮಾತ್ರ ಹಗ್ಗ ಕೊಡುತ್ತೇವೆ ಅಂದ ಹಾಗೆ.

ಇನ್ನೂ ಬೀಳದವರಲ್ಲಿ ಯಾರು ಬೀಳುತ್ತಾರೆ ಅಂತ ಹುಡುಕಲು ಹೊರಟವರು ಆರ್ಥರ್ ಮಾಸ್. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ. ನಿಮ್ಮ ಡಾಕ್ಟರು ಹೇಳಿದ ಮ್ಯಾಡಿಟ್ ಇವರದ್ದೇ. 1970ರ ಸುಮಾರಿಗೆ ಇವರ ಹತ್ತಿರ ಒಬ್ಬ ಮಹಿಳೆ ಬಂದರು. ಬೌಲಿಂಗ್ ಆಟದಲ್ಲಿ ಎಲ್ಲ ಗೂಟ ಒಟ್ಟಿಗೆ ಉರುಳಿಸಿ ಖುಷಿಯಾದಾಗೆಲ್ಲ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಅದು ಹುಟ್ಟಿನಿಂದ ಬರುವ, ಹೃದಯದ ತಾಳ ತಪ್ಪಿಸುವ ಲಾಂಗ್ ಕ್ಯೂಟಿ ಅನ್ನುವ ತೊಂದರೆ. ಮಾಸ್ ಅಲ್ಲಿಗೇ ಬಿಡಲಿಲ್ಲ. 1979ರಲ್ಲಿ ಜೊತೆಗಾರರ ಸಂಗಡ ಇಂಥ ಕುಟುಂಬಗಳ ದಾಖಲೆ ಪುಸ್ತಕವನ್ನೇ ಶುರು ಮಾಡಿ ವರ್ಷಗಟ್ಟಲೆ ಹಿಂಬಾಲಿಸಿದರು. ಮೇಲೆ ಆರೋಗ್ಯವಂತರಂತೆ ಕಾಣುವವರಲ್ಲಿ ಅಪಾಯ ಎಲ್ಲಿ ಅಡಗಿದೆ ಅಂತ ಹುಡುಕುವುದು ಅವರಿಗೆ ಅಭ್ಯಾಸವಾಗಿತ್ತು.

ನಡುವೆ ಮಾತ್ರೆಯ ಕಥೆ ಹೇಳಲೇಬೇಕು, ನೀವು ಕೇಳಿದ್ದೀರಿ. ಹಾರ್ಟ್ ಅಟ್ಯಾಕ್ ಆದವರಲ್ಲಿ ಮಧ್ಯೆ ಮಧ್ಯೆ ಹೆಚ್ಚುವರಿ ಬಡಿತ ಬರುತ್ತದೆ. ಅದನ್ನು ಅಡಗಿಸಿದರೆ ಸಾವು ಕಮ್ಮಿಯಾಗಬೇಕು ಅಂತ ನಾವೆಲ್ಲ ನಂಬಿದ್ದೆವು. ಎನ್‌ಕೈನೈಡ್, ಫ್ಲೆಕೈನೈಡ್ ಅನ್ನುವ ಮಾತ್ರೆಗಳು ಅದನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. ಆದರೆ 1989ರಲ್ಲಿ ಕಾಸ್ಟ್ ಅನ್ನುವ ಅಧ್ಯಯನದ ಫಲಿತಾಂಶ ಬಂದಾಗ ಎದೆ ಒಡೆದಂತಾಯಿತು. ಔಷಧವಿಲ್ಲದ, ಬರೀ ಸಕ್ಕರೆ ಗುಳಿಗೆಯಂಥ ಉತ್ತುತ್ತು ಮಾತ್ರೆ ತಿಂದವರಿಗಿಂತ ಈ ಮಾತ್ರೆ ತಿಂದವರೇ ಜಾಸ್ತಿ ಸತ್ತಿದ್ದರು. ಇಸಿಜಿ ಚೆಂದವಾಗಿತ್ತು, ರೋಗಿ ಇರಲಿಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ನನಗೆ ಗೊತ್ತಿಲ್ಲ.

ಮಾಸ್ ಅವರ ಮೊದಲ ಮ್ಯಾಡಿಟ್ 1996ರಲ್ಲಿ ಬಂತು. 196 ರೋಗಿಗಳು. ಎಲ್ಲರಿಗೂ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು, ಇಎಫ್ 35 ಅಥವಾ ಕಮ್ಮಿ, ಜೊತೆಗೆ ಬಡಿತದ ದೋಷವೂ ಪರೀಕ್ಷೆಯಲ್ಲಿ ಕಂಡಿತ್ತು. ಐಸಿಡಿ ಹಾಕಿಸಿಕೊಂಡ 95 ಜನರಲ್ಲಿ 15 ಮಂದಿ ತೀರಿಕೊಂಡರು. ಹಾಕಿಸಿಕೊಳ್ಳದ 101ರಲ್ಲಿ 39 ಮಂದಿ. ಸಣ್ಣ ಅಧ್ಯಯನ, ಬಹಳ ಆಯ್ದ ರೋಗಿಗಳು ಅಂತ ಟೀಕೆ ಬಂತು. ಸರಿಯಾದ ಟೀಕೆಯೇ.

ಆಗ ಮಾಸ್ ಇನ್ನೂ ಸರಳವಾದ ಪ್ರಶ್ನೆ ಕೇಳಿದರು. ಪರೀಕ್ಷೆ ಗಿರೀಕ್ಷೆ ಎಲ್ಲ ಬಿಡಿ, ಹಾರ್ಟ್ ಅಟ್ಯಾಕ್ ಆಗಿ ಇಎಫ್ 30 ಅಥವಾ ಕಮ್ಮಿ ಇದ್ದರೆ ಸಾಕು, ಐಸಿಡಿಯಿಂದ ಲಾಭ ಇದೆಯಾ? ಅದು ಮ್ಯಾಡಿಟ್-2. 1,232 ರೋಗಿಗಳು, 2002ರಲ್ಲಿ ಫಲಿತಾಂಶ. ನಿಮ್ಮ ಡಾಕ್ಟರು ಹೇಳಿದ 30 ಇಲ್ಲಿಂದ ಬಂದದ್ದು. ಆ ಸಂಖ್ಯೆ ದೇವರು ಬರೆದದ್ದಲ್ಲ, ಅಧ್ಯಯನ ಶುರು ಮಾಡುವಾಗ ಮನುಷ್ಯರು ಎಳೆದ ಗೆರೆ. 30ಕ್ಕೆ ಅಪಾಯ, 31ಕ್ಕೆ ಕ್ಷೇಮ ಅಂತ ಏನೂ ಇಲ್ಲ.

ಈಗ ಆ ಲೆಕ್ಕವನ್ನು ಮನೆಮಾತಿನಲ್ಲಿ ನೋಡೋಣ. ಸರಾಸರಿ 20 ತಿಂಗಳಲ್ಲಿ, ಐಸಿಡಿ ಇಲ್ಲದ ಪ್ರತಿ 100 ಜನರಲ್ಲಿ ಸುಮಾರು 20 ಮಂದಿ ತೀರಿಕೊಂಡರು. ಐಸಿಡಿ ಇದ್ದ 100ರಲ್ಲಿ ಸುಮಾರು 14. ಅಂದರೆ ಸುಮಾರು 18 ಜನರಿಗೆ ಹಾಕಿದರೆ ಆ ಅವಧಿಯಲ್ಲಿ ಒಂದು ಜೀವ ಉಳಿಯಿತು. ಇದನ್ನು ಎರಡು ಕಡೆಯಿಂದಲೂ ಓದಬೇಕು. ಐಸಿಡಿ ಇಲ್ಲದೆಯೂ 80 ಮಂದಿ ಬದುಕಿದ್ದರು. ಐಸಿಡಿ ಇದ್ದೂ 14 ಮಂದಿ ಉಳಿಯಲಿಲ್ಲ. ಯಾಕೆಂದರೆ ಈ ಪೆಟ್ಟಿಗೆ ತಾಳ ತಪ್ಪಿದಾಗ ಮಾತ್ರ ಕಾಯುತ್ತದೆ. ಹೃದಯದ ಬಲ ಹೆಚ್ಚಿಸುವುದಿಲ್ಲ, ಇನ್ನೊಂದು ಹಾರ್ಟ್ ಅಟ್ಯಾಕ್ ತಡೆಯುವುದಿಲ್ಲ. "ಮೆಷೀನ್ ಹಾಕಿದ ಮೇಲೂ ಅಪ್ಪನಿಗೆ ಸುಸ್ತು ಹೋಗಿಲ್ಲ" ಅಂತ ಬೇಜಾರಾಗಿ ಬರುವವರಿಗೆ ಇದನ್ನು ಮೊದಲೇ ಯಾರಾದರೂ ಹೇಳಿರಬೇಕಿತ್ತು.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಮ್ಯಾಡಿಟ್-2ಕ್ಕೆ ಹಣ ಕೊಟ್ಟದ್ದು ಐಸಿಡಿ ತಯಾರಿಸುವ ಕಂಪನಿ. ಅದಕ್ಕೇ ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯ ಬೆಂಬಲವೂ ಇದ್ದ ಎಸ್‌ಸಿಡಿ-ಹೆಫ್ಟ್ ಅನ್ನುವ 2005ರ ಅಧ್ಯಯನವನ್ನು ನಾನು ಜಾಸ್ತಿ ನೆಚ್ಚುತ್ತೇನೆ. ಅದರಲ್ಲಿ ಇಎಫ್ 35 ಅಥವಾ ಕಮ್ಮಿ ಇದ್ದ 2,521 ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಉತ್ತುತ್ತು ಮಾತ್ರೆ, ಇನ್ನೊಂದಕ್ಕೆ ಅಮಿಯೋಡರೋನ್ ಅನ್ನುವ ಬಡಿತದ ಮಾತ್ರೆ, ಮೂರನೆಯದಕ್ಕೆ ಐಸಿಡಿ. ನಾಲ್ಕು ವರ್ಷದ ಹತ್ತಿರ ಹತ್ತಿರ ನೋಡಿದಾಗ ಸತ್ತವರು ಕ್ರಮವಾಗಿ 100ಕ್ಕೆ 29, 28, 22. ಬಡಿತದ ಮಾತ್ರೆಗೂ ಉತ್ತುತ್ತು ಮಾತ್ರೆಗೂ ವ್ಯತ್ಯಾಸವೇ ಇರಲಿಲ್ಲ. "ಮಾತ್ರೆಯಲ್ಲೇ ಆಗುವುದಿಲ್ಲವೇ" ಅನ್ನುವುದಕ್ಕೆ ಇದಕ್ಕಿಂತ ನೇರ ಉತ್ತರ ನನ್ನ ಹತ್ತಿರ ಇಲ್ಲ.

ಆದರೆ ಬೇರೆ ಮಾತ್ರೆಗಳಿವೆ, ಅವು ಬಹಳ ಮುಖ್ಯ. ಬೀಟಾ ಬ್ಲಾಕರ್ ಸೇರಿದಂತೆ ದುರ್ಬಲ ಹೃದಯಕ್ಕೆ ಇವತ್ತು ನಾಲ್ಕು ಬಗೆಯ ಔಷಧ ಕೊಡುತ್ತೇವೆ. ಸರಿಯಾದ ಡೋಸಿನಲ್ಲಿ ಕನಿಷ್ಠ ಮೂರು ತಿಂಗಳು ತಿಂದ ಮೇಲೆ ಎಷ್ಟೋ ಜನರ ಇಎಫ್ 35 ದಾಟುತ್ತದೆ, ಐಸಿಡಿಯ ಮಾತೇ ಬೇಡವಾಗುತ್ತದೆ. ಹಾರ್ಟ್ ಅಟ್ಯಾಕ್ ಆದ ಮೊದಲ 40 ದಿನದಲ್ಲಿ ಐಸಿಡಿ ಹಾಕಿದರೆ ಒಟ್ಟು ಸಾವು ಕಮ್ಮಿಯಾಗುವುದಿಲ್ಲ ಅಂತ 2004ರಲ್ಲೇ ಗೊತ್ತಾಗಿದೆ. ಹಾಗಾಗಿ ಆ ಅವಧಿಯಲ್ಲಿ ಕಾಯುತ್ತೇವೆ. ನಿಮ್ಮ ತಂದೆಗೆ ಎರಡು ವರ್ಷ ಆಗಿದೆ, ಆ ಗಡುವು ದಾಟಿದೆ. ನೀವು ನೋಡಬೇಕಾದ್ದು ಇಷ್ಟು: ಆ ಮಾತ್ರೆಗಳೆಲ್ಲ ಪೂರ್ತಿ ಡೋಸಿನಲ್ಲಿ ನಡೆದಿವೆಯಾ, ಇಲ್ಲ ಡಿಸ್ಚಾರ್ಜ್ ದಿನ ಬರೆದುಕೊಟ್ಟ ಚೀಟಿಯೇ ಇನ್ನೂ ಓಡುತ್ತಿದೆಯಾ? ಎರಡನೆಯದಾದರೆ ಮೊದಲು ಮಾತ್ರೆ ಸರಿಪಡಿಸಿಕೊಂಡು ಮೂರು ತಿಂಗಳ ನಂತರ ಮತ್ತೆ ಎಕೋ ಮಾಡಿಸಿ ಅಂತ ಡಾಕ್ಟರನ್ನು ಕೇಳಿ. ಅವರು ಬೇಜಾರು ಮಾಡಿಕೊಳ್ಳಬಾರದು.

ಅಮೆರಿಕದ ಲೆಕ್ಕ ನಮಗೆ ಹೊಂದುತ್ತದಾ ಅನ್ನುವ ಅನುಮಾನವೂ ನಿಮಗೆ ಬರಬಹುದು. ಮ್ಯಾಡಿಟ್-2ರ ಆಸ್ಪತ್ರೆಗಳು ಅಮೆರಿಕ ಮತ್ತು ಯುರೋಪಿನಲ್ಲೇ ಇದ್ದವು. ಅಲ್ಲದೆ ಇವತ್ತಿನ ಔಷಧಗಳಲ್ಲಿ ಕೆಲವು ಆಗ ಇರಲಿಲ್ಲ. ಹಾಗಾಗಿ ಈಗ ಲಾಭ ಆಗಿನಷ್ಟೇ ದೊಡ್ಡದಿರಲಿಕ್ಕಿಲ್ಲ ಅನ್ನುವುದು ನನ್ನ ಅಂದಾಜು. ಯುರೋಪಿನಲ್ಲಿ ಪ್ರೊಫಿಡ್ ಅನ್ನುವ ಅಧ್ಯಯನ ಇದನ್ನೇ ಮತ್ತೆ ಪರೀಕ್ಷೆ ಮಾಡಲು ಶುರುವಾಗಿದೆ. ರಕ್ತನಾಳದ ಬ್ಲಾಕ್ ಇಲ್ಲದೆ ಹೃದಯ ದುರ್ಬಲವಾದವರ ಮೇಲೆ 2016ರಲ್ಲಿ ಬಂದ ಡ್ಯಾನಿಷ್ ಅಧ್ಯಯನದಲ್ಲಿ ಐಸಿಡಿಯಿಂದ ಒಟ್ಟು ಸಾವು ಕಮ್ಮಿಯಾಗಲಿಲ್ಲ. ನಿಮ್ಮ ತಂದೆಯದು ಆ ಬಗೆಯಲ್ಲ. ಬ್ಲಾಕ್ ಆಗಿ, ಕಲೆ ಉಳಿದು, 61ರ ವಯಸ್ಸಿನಲ್ಲಿ, ಬೇರೆ ದೊಡ್ಡ ಕಾಯಿಲೆ ಇಲ್ಲದೆ ಇದ್ದು, ಪೂರ್ತಿ ಮಾತ್ರೆ ತಿಂದ ಮೇಲೂ 28 ಇದ್ದರೆ, ನನ್ನ ಅಪ್ಪನಾಗಿದ್ದರೆ ಹಾಕಿಸುತ್ತಿದ್ದೆ.

ಶಾಕ್ ಬಗ್ಗೆ ಹೆದರಿಕೆ ಸಹಜ. ಎಚ್ಚರವಿದ್ದಾಗ ಬಂದರೆ ಎದೆಗೆ ಎತ್ತು ಒದ್ದ ಹಾಗಿರುತ್ತದೆ ಅಂತ ಒಬ್ಬ ರೈತರು ನನಗೆ ಹೇಳಿದ್ದರು. ಕ್ಷಣದಲ್ಲಿ ಮುಗಿಯುತ್ತದೆ, ನೆನಪು ಮಾತ್ರ ಉಳಿಯುತ್ತದೆ. ಎಲ್ಲ ಸಲವೂ ಶಾಕೇ ಬೇಕಾಗುವುದಿಲ್ಲ. ಸುಳಿಯನ್ನು ಮುರಿಯಲು ಯಂತ್ರ ಮೊದಲು ನೋವಿಲ್ಲದ ವೇಗದ ಬಡಿತ ಕೊಟ್ಟು ನೋಡುತ್ತದೆ. ಬೇಸರದ ಸಂಗತಿ ಅಂದರೆ ಸುಳ್ಳು ಶಾಕ್. ಓಡಿದಾಗ ಅಥವಾ ಬೇರೆ ಬಗೆಯ ಬಡಿತ ಬಂದಾಗ ಯಂತ್ರ ತಪ್ಪು ತಿಳಿದು ಹೊಡೆದುಬಿಡುತ್ತದೆ. ಇದಕ್ಕೂ ಮದ್ದು ಹುಡುಕಿದ್ದು ಅದೇ ಮಾಸ್ ತಂಡ. 2012ರ ಮ್ಯಾಡಿಟ್-ರಿಟ್ ಅಧ್ಯಯನದಲ್ಲಿ 1,500 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಹಳೆಯ ಸೆಟ್ಟಿಂಗೇ ಇಟ್ಟು, ಉಳಿದೆರಡರ ಯಂತ್ರದ ಸೆಟ್ಟಿಂಗ್ ಮಾತ್ರ ಬದಲಿಸಿದರು. ಈ ಎರಡರಲ್ಲಿ ಮೊದಲ ಗುಂಪಿಗೆ ಬಡಿತ 200 ಮುಟ್ಟಿದರೆ ಮಾತ್ರ ಕೆಲಸ ಮಾಡು, ಇನ್ನೊಂದಕ್ಕೆ ಅವಸರ ಪಡದೆ ಸ್ವಲ್ಪ ಕಾದು ನೋಡು ಅಂತ. ಎರಡರಲ್ಲೂ ಸುಳ್ಳು ಚಿಕಿತ್ಸೆ ಮುಕ್ಕಾಲು ಪಾಲು ಇಳಿಯಿತು. ಮೊದಲ ಗುಂಪಿನಲ್ಲಿ ಸಾವೂ ಕಮ್ಮಿಯಾಯಿತು. ಹೊಸ ಯಂತ್ರವಿಲ್ಲ, ಹೆಚ್ಚಿನ ಖರ್ಚಿಲ್ಲ, ಸುಮ್ನೆ ತಾಳ್ಮೆ ಕಲಿಸಿದ್ದು! ಮಾಸ್ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. "ಸೆಟ್ಟಿಂಗ್ ಮ್ಯಾಡಿಟ್-ರಿಟ್ ರೀತಿ ಇಡ್ತೀರಾ?" ಅಂತ ನಿಮ್ಮ ಡಾಕ್ಟರನ್ನು ಧೈರ್ಯವಾಗಿ ಕೇಳಿ. ಮಾಸ್ 2018ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು.

ಖರ್ಚಿನ ವಿಷಯ. ಬಡಿತ ನಿಧಾನವಿಲ್ಲದವರಿಗೆ ಸಾಮಾನ್ಯವಾಗಿ ಒಂದೇ ವೈರಿನ ಐಸಿಡಿ ಸಾಕು. ಎರಡು ವೈರಿನದು ಹೇಳಿದರೆ ಕಾರಣ ಕೇಳಿ. ಆದರೆ ಇಸಿಜಿಯಲ್ಲಿ ಕ್ಯೂಆರ್‌ಎಸ್ (ಕೆಳಕೋಣೆಗಳ ಬಡಿತದ ಗೆರೆ) ಅಗಲವಾಗಿದ್ದು ಲೆಫ್ಟ್ ಬಂಡಲ್ ಬ್ಲಾಕ್, ಅಂದರೆ ಎಡಬದಿಗೆ ವಿದ್ಯುತ್ ತಡವಾಗಿ ತಲುಪುವ ತೊಂದರೆ, ಇದ್ದರೆ ಮಾತೇ ಬೇರೆ. ಅಂಥವರಿಗೆ ಹೃದಯದ ಎರಡೂ ಬದಿಯನ್ನು ಒಟ್ಟಿಗೆ ಬಡಿಸುವ ಸಿಆರ್‌ಟಿ ಯಂತ್ರದಿಂದ ಬಲವೂ ಸುಧಾರಿಸುತ್ತದೆ. ಸರ್ಕಾರಿ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ವಿಚಾರಿಸಿ, ಅಡ್ಮಿಟ್ ಆದ ಮೇಲೆ ಅಲ್ಲ. ಬ್ಯಾಟರಿ ಎಂಟು ಹತ್ತು ವರ್ಷ ಬರುತ್ತದೆ, ಆಮೇಲೆ ಡಬ್ಬಿ ಬದಲಿಸಬೇಕು. ಆ ಖರ್ಚೂ ಲೆಕ್ಕದಲ್ಲಿರಲಿ.

ಆಪರೇಷನ್ ಮಿರೋವ್ಸ್ಕಿ ಕಾಲದ ಹಾಗಿಲ್ಲ. ಎಡ ಭುಜದ ಹತ್ತಿರ ಕೊರಳೆಲುಬಿನ ಕೆಳಗೆ ಮರಗಟ್ಟಿಸಿ, ರಕ್ತನಾಳದೊಳಗಿಂದ ವೈರು ಇಳಿಸಿ, ಚರ್ಮದ ಕೆಳಗೆ ಡಬ್ಬಿ ಇಡುತ್ತಾರೆ. ಮುಖ್ಯ ಅಪಾಯ ಸೋಂಕು. ಗಾಯ ಕೆಂಪಾದರೆ, ಊದಿದರೆ, ಕೀವು ಬಂದರೆ ಮನೆಮದ್ದು ಹಚ್ಚಬೇಡಿ, ತಕ್ಷಣ ತೋರಿಸಿ. ಒಂದು ತಿಂಗಳು ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತುವ ಹಾಗಿಲ್ಲ. ದೋಟಿ ಹಿಡಿದು ಕಾಯಿ ಕೀಳುವುದು ಬಂದ್. ಮೊಬೈಲನ್ನು ಆ ಕಡೆಯ ಜೇಬಿನಲ್ಲಿ ಇಡಬಾರದು. ಇಂಡಕ್ಷನ್ ಒಲೆಯಿಂದ ಎರಡಡಿ ದೂರ ನಿಂತರೆ ಸಾಕು. ಮಿಕ್ಸಿ, ಟಿವಿ, ಫ್ಯಾನ್ ಏನೂ ತೊಂದರೆಯಿಲ್ಲ. ವೆಲ್ಡಿಂಗ್ ಕೆಲಸದ ಹತ್ತಿರ ಹೋಗುವ ಮೊದಲು ಡಾಕ್ಟರನ್ನು ಕೇಳಿ.

ಒಂದು ಶಾಕ್ ಬಂದು ಆಮೇಲೆ ಆರಾಮಾಗಿದ್ದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಒಂದೇ ದಿನ ಎರಡು ಅಥವಾ ಹೆಚ್ಚು ಬಂದರೆ, ಇಲ್ಲವೇ ಪ್ರಜ್ಞೆ ತಪ್ಪಿದರೆ, ನೇರ ಆಂಬುಲೆನ್ಸ್. ಶಾಕ್ ಬಂದಾಗ ಅಪ್ಪನನ್ನು ಮುಟ್ಟಿಕೊಂಡಿದ್ದವರಿಗೆ ಜುಮ್ ಅನ್ನಬಹುದು, ಅಪಾಯವಿಲ್ಲ. ಅಮ್ಮನಿಗೆ ಇದನ್ನು ಹೇಳಿಡಿ.

ಯಾರೂ ಕೇಳದ ಒಂದು ಮಾತನ್ನೂ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಎಷ್ಟೋ ವರ್ಷಗಳ ನಂತರ ವಯಸ್ಸಾಗಿ ಕೊನೆಯ ದಿನಗಳು ಬಂದಾಗ ಶಾಕ್ ಭಾಗವನ್ನು ಮಾತ್ರ ಆಫ್ ಮಾಡಿಸಬಹುದು. ಅದಕ್ಕೆ ಆಪರೇಷನ್ ಬೇಡ. ದಹನ ಮಾಡುವ ಮನೆಯವರಾದರೆ ಅದಕ್ಕೂ ಮೊದಲು ಡಬ್ಬಿ ತೆಗೆಸಲೇಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ.

ಕೊನೆಯದಾಗಿ ತೋಟದ ಮೋಟರ್. ಅಪ್ಪ ಸ್ಟಾರ್ಟರ್ ಒತ್ತಬಹುದು. ಆದರೆ ಒದ್ದೆ ನೆಲದಲ್ಲಿ ನಿಂತು ಮೋಟರ್ ಮುಟ್ಟಿದಾಗ ಚುರ್ ಅನ್ನುವಷ್ಟು ಕರೆಂಟ್ ಸೋರುತ್ತಿದ್ದರೂ ಯಂತ್ರ ಅದನ್ನು ಹೃದಯದ ತಾಳ ತಪ್ಪಿದ್ದು ಅಂತ ತಿಳಿದು ಶಾಕ್ ಕೊಡಬಹುದು. ಇಂಥದ್ದು ಆದದ್ದುಂಟು. ಆಪರೇಷನ್‌ಗೆ ದಿನ ಗೊತ್ತು ಮಾಡಿದರೆ ಅದೇ ವಾರ ಎಲೆಕ್ಟ್ರಿಷಿಯನ್ ಕರೆಸಿ ಪಂಪ್‌ಸೆಟ್ಟಿನದ್ದೂ ಬಚ್ಚಲುಮನೆ ಗೀಸರಿನದ್ದೂ ಅರ್ತಿಂಗ್ ನೋಡಿಸಿಬಿಡಿ.